ಸೋಮವಾರ ನೊಗ ಇಳಿಸುವ ಸರ್ವರ್

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ನಂದಾಳ ನೌಕರಿ ಕಾಯಂ ಆಯಿತು! ಅವಳು ಬರೆದ ಸಣ್ಣ ಸರ್ವರ್ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಡಿಫಾಲ್ಟ್ ಆಗಿ ಇರಲಿ ಎಂದು ನಮ್ಮ ರೈತರ ಸಂಘದವರು ಒಪ್ಪಿದರು. ಮುಂದೆ ಎಲ್ಲಿ ಹೊಸ ಕೇಂದ್ರ ತೆರೆದರೂ ಅದೇ ಇರುತ್ತದಂತೆ. ಕಳೆದ ಗುರುವಾರ ಸಂಘದ ಅಧ್ಯಕ್ಷರು ತಾವೇ ನಮ್ಮ ಕೋಣೆಗೆ ಬಂದು ಹೇಳಿ ಹೋದರು. ಬೇರೆಯವರ ಕೈಲಿ ಹೇಳಿಕಳಿಸಲಿಲ್ಲ, ತಾವೇ ಬಂದರು. ನಾನು ಚಹಾದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ.

ಆವತ್ತು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಬಾಳೆಹಣ್ಣು ಮಾರುವವಳಿಗೆ ಹೇಳಿದೆ, ನಮ್ಮ ಓಣಿಯಲ್ಲಿ ಕಿವಿ ಕೇಳದ ಗಂಗಮ್ಮನಿಗೆ ಎರಡು ಸಲ ಹೇಳಿದೆ. ಹೇಳಿದಷ್ಟೂ ಸಾಲದು ಅನ್ನಿಸುತ್ತಿತ್ತು. ಆದರೆ ಇದ್ದದ್ದು ಇದ್ದ ಹಾಗೆ ಬರೆಯಬೇಕಲ್ಲ. ಸುದ್ದಿ ಬಾಯಿಗೆ ಬಂದಷ್ಟು ಬೇಗ ಮೈಗೆ ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದರೆ ಆ ಕಾಲು ನಮ್ಮದಲ್ಲ ಅನ್ನಿಸುತ್ತದೆ. ನನಗೆ ಆರು ವರ್ಷದಿಂದ ಮೈಯೆಲ್ಲ ಹಾಗೇ ಇತ್ತು.

ನನ್ನ ಹೆಸರು ಕಾಶೀಬಾಯಿ. ಊರು ಸರಸಂಬಾ. ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಈ ಬರಹವನ್ನು ನಾನೇ ಬರೆದು ನಂದಾಳ ಕೈಲಿ ತಿದ್ದಿಸಿದ್ದೇನೆ. ಇಲ್ಲಿ ಕೈ ಹಚ್ಚಬೇಡ ಅಂದ ಕಡೆ ಅವಳು ಬಿಟ್ಟಿದ್ದಾಳೆ. ನನ್ನ ಗಂಡ ಆಳಂದದಲ್ಲಿ ರೈತರ ಸಹಕಾರಿ ಸಂಘವೊಂದರಲ್ಲಿ ಚಪರಾಸಿಯಾಗಿದ್ದರು. 1993ರಲ್ಲಿ ಅವರು ತೀರಿಕೊಂಡರು. ಅವರ ಜಾಗವನ್ನು ಸಂಘದವರು ನನಗೆ ಕೊಟ್ಟರು. ಮಣ್ಣು ಮಾಡಿದ ದಿನ ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ. ಬೆಳಿಗ್ಗೆ ಬಸ್ಸು ಹತ್ತುವುದು, ಕಸ ಹೊಡೆಯುವುದು, ನೀರು ತುಂಬುವುದು, ಸಂಜೆ ಬಸ್ಸು ಹತ್ತುವುದು. ಊಟಕ್ಕೆ ಕೂತಾಗ ಸೊಸೆ ಸುಮಿತ್ರಾ ಕೇಳುತ್ತಿದ್ದಳು, "ಅತ್ತಿ, ಉಪ್ಪು ಸಾಕಾಗ್ಯಾದೇನ್ರಿ?" ನಾನು "ಏನೋ ಯವ್ವಾ, ತಿಳೀವಲ್ದು" ಅನ್ನುತ್ತಿದ್ದೆ. ಸುಳ್ಳಲ್ಲ. ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು.

1998ರಲ್ಲಿ ಸಂಘದವರು ಮೂರು ಕಂಪ್ಯೂಟರ್ ತಂದರು, ಆಳಂದಕ್ಕೊಂದು, ಅಫಜಲಪುರಕ್ಕೊಂದು, ಜೇವರ್ಗಿಗೊಂದು. ತೊಗರಿ, ಜೋಳದ ದಿನದ ಧಾರಣಿ ಎಷ್ಟು, ಗೋದಾಮಿನಲ್ಲಿ ಯಾವ ಬೀಜ ಇದೆ, ಗೊಬ್ಬರ ಯಾವತ್ತು ಬರುತ್ತದೆ, ಇವನ್ನೆಲ್ಲ ರೈತರು ಪರದೆಯ ಮೇಲೆ ನೋಡುವಂತಾಗಬೇಕು ಎಂಬುದು ಅವರ ಆಸೆ. ಗೋದಾಮಿನ ಬದಿಯ ಕೋಣೆಯನ್ನು ಸುಣ್ಣ ಹಚ್ಚಿ ತಯಾರು ಮಾಡಿದರು. ತೊಗರಿಯ ಧೂಳು ಎಷ್ಟು ಒರೆಸಿದರೂ ಮತ್ತೆ ಬಂದು ಕೂರುತ್ತಿತ್ತು. ಅದನ್ನು ಒರೆಸುವುದು ನನ್ನ ಮೊದಲನೆಯ ಕೆಲಸ. ಎರಡನೆಯದು ಫ್ಲಾಪಿ ಒಯ್ಯುವುದು. ಫ್ಲಾಪಿ ಅಂದರೆ ಅಂಗೈಯಗಲದ ಚೌಕ ಬಿಲ್ಲೆ. ಕಂಪ್ಯೂಟರ್‌ಗೆ ಹೇಳಬೇಕಾದ್ದನ್ನು ಅದರಲ್ಲಿ ತುಂಬಿಕೊಟ್ಟರೆ ನಾನು ಬಸ್ಸಿನಲ್ಲಿ ಅಫಜಲಪುರಕ್ಕೋ ಜೇವರ್ಗಿಗೋ ಮುಟ್ಟಿಸಿ ಬರುತ್ತಿದ್ದೆ. ಕೈಚೀಲದಲ್ಲಿ ಒಂದು ಕಡೆ ರೊಟ್ಟಿಯ ಗಂಟು, ಇನ್ನೊಂದು ಕಡೆ ಫ್ಲಾಪಿಯ ಡಬ್ಬಿ.

ಕೋಣೆಯ ಯಜಮಾನರು ಮೈನೋದ್ದೀನ್ ಸರ್. ಗುಲಬರ್ಗಾದಿಂದ ಬಂದವರು, ಕಂಪ್ಯೂಟರ್ ಕಲಿಸುವ ಮಾಸ್ತರರು. ತೆಳ್ಳಗಿನ ಮನುಷ್ಯ. ಚಹಾಕ್ಕೆ ಮಾತ್ರ ಸಕ್ಕರೆ ಬಹಳ ಸುರಿಸಿಕೊಳ್ಳುತ್ತಿದ್ದರು. ಅವರ ಕೈಕೆಳಗೆ ನಂದಾ. ನನ್ನ ಮಗನ ಮಗಳು, ಕಂಪ್ಯೂಟರ್‌ನಲ್ಲಿ ಡಿಪ್ಲೊಮಾ ಮುಗಿಸಿದವಳು. ಅವಳ ನೌಕರಿ ಹಂಗಾಮಿ. ಈ ಕೆಲಸ ನಡೆಯುವಷ್ಟು ದಿನ ಇರು, ಆಮೇಲೆ ನೋಡೋಣ ಅಂದಿದ್ದರು. ಕೋಣೆಗೆ ಬೀಗ ಬಿದ್ದರೆ ಅವಳ ನೌಕರಿ ಅಲ್ಲಿಗೆ ಮುಗಿಯಿತು. ಹುಡುಗಿ ಕಂಪ್ಯೂಟರ್ ಕಲಿತು ಏನು ಕಡಿದು ಕಟ್ಟೆ ಹಾಕಿದಳು ಎಂದು ಕೇಳಲು ಊರಲ್ಲಿ ಮಂದಿ ಕಾದೇ ಇದ್ದರು.

ಇಬ್ಬರೂ ಸೇರಿ ಕಟ್ಟುತ್ತಿದ್ದುದಕ್ಕೆ ವೆಬ್ ಫ್ರೇಮ್‌ವರ್ಕ್ ಅನ್ನುತ್ತಾರೆ. ಅದೇನೆಂದು ಸರ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮುಂದಿನ ಫಜೀತಿಯೆಲ್ಲ ಆ ಮಾತಿನಿಂದಲೇ ಹುಟ್ಟಿತು. ಕೇಂದ್ರಗಳನ್ನು ನೋಡಿಕೊಳ್ಳುವವರನ್ನು ಒಂದು ದಿನ ಆಳಂದಕ್ಕೆ ಕರೆಸಿದ್ದರು. ಅಫಜಲಪುರದಿಂದ ಶಾಂತಾ ಬಂದಳು. ಜೇವರ್ಗಿಯಿಂದ ಬಸಲಿಂಗಪ್ಪ ಬಂದ, ಜೊತೆಗೆ ಅವನ ಅಜ್ಜ ಶರಣಪ್ಪ ಮುತ್ಯಾನೂ ಬಂದರು. ಜೇವರ್ಗಿಯ ಕೇಂದ್ರ ಇದ್ದದ್ದು ಮುತ್ಯಾನ ಮನೆಯ ಮುಂದಿನ ಕೋಣೆಯಲ್ಲಿ. ತನ್ನ ಮನೆಯೊಳಗೆ ಏನು ತಂದು ಕೂರಿಸುತ್ತಾರೆ ಎಂದು ನೋಡಲು ಬಂದಿದ್ದರು.

ಸರ್ ಹೇಳಿದರು, "ನೋಡ್ರಿ, ಫ್ರೇಮ್‌ವರ್ಕ್ ಅಂದ್ರ ಬಂಡಿ. ಅಚ್ಚು, ಗಾಲಿ, ಮೂಕಿ ನಾವು ಮಾಡಿ ಕೊಡ್ತೇವಿ. ಮ್ಯಾಲ ತೊಗರಿ ಹೇರ್ತೀರೋ, ಕಣಕಿ ಹೇರ್ತೀರೋ ನಿಮ್ಮ ಮರ್ಜಿ. ಸರ್ವರ್ ಅಂದ್ರ ಎತ್ತು. ರೈತ ಬಂದು ಧಾರಣಿ ಕೇಳ್ತಾನ, ಸರ್ವರ್ ಹೋಗಿ ಆ ಪುಟ ಎಳಕೊಂಡು ಬರ್ತದ. ಎತ್ತಿಲ್ದ ಬಂಡಿ ಸಾಗಂಗಿಲ್ಲ."

ಮುತ್ಯಾ ಕೇಳಿದರು, "ಎತ್ತು ನಾವು ತರಬೇಕೋ, ನೀವೇ ಕೊಡ್ತೀರೋ?"

"ಹೂಡೇ ಕೊಡ್ತೇವಿ ಮುತ್ಯಾ."

"ಹಂಗಾದ್ರ ಛಲೋ ಆತು. ಮೇವಿನ ಖರ್ಚು?"

ಎಲ್ಲರೂ ನಕ್ಕರು. ಹೂಡಿಯೇ ಕೊಡುವುದಕ್ಕೆ ಎಂಬೆಡೆಡ್ ಸರ್ವರ್ ಅನ್ನುತ್ತಾರಂತೆ, ಬಂಡಿಯ ಒಳಗೇ ಸೇರಿಸಿಟ್ಟ ಸರ್ವರ್. ಬೇರೆ ಎತ್ತು ಬೇಕಾದವರು ಬದಲಿಸಿ ಕಟ್ಟಿಕೊಳ್ಳಬಹುದು. ಬದಲಿಸದವರಿಗೆ ಮೊದಲು ಕಟ್ಟಿಕೊಟ್ಟದ್ದೇ ಗತಿ. ಆ ಮೊದಲು ಕಟ್ಟಿಕೊಟ್ಟದ್ದಕ್ಕೆ ಡಿಫಾಲ್ಟ್ ಎಂದು ಹೆಸರು.

ಆಮೇಲೆ ಸರ್ ಇನ್ನೊಂದು ಮಾತು ಹೇಳಿದರು. "ಸರ್ವರ್ ಯಾವತ್ತೂ ನಿಲ್ಲಿಸಬ್ಯಾಡ್ರಿ. ಹಗಲು ರಾತ್ರಿ ನಡೀತಿರಬೇಕು. ಕರೆಂಟ್ ಹೋಗಿ, ಅದನ್ನ ಸ್ವಲ್ಪ ಹೊತ್ತು ನಡೆಸೂ ಬ್ಯಾಟರಿ ಪೆಟಗಿ ಕೂಗಾಕತ್ತಿದ್ರ ಮಾತ್ರ, ನಂದಾ ತೋರಿಸ್ದಂಗ ಒತ್ತಿ ಕ್ರಮಪ್ರಕಾರ ಬಂದ್ ಮಾಡ್ರಿ."

ಅದನ್ನು ಕೇಳಿ ಮುತ್ಯಾನ ಮುಖ ಸ್ವಲ್ಪ ಕಪ್ಪಿಟ್ಟಿತು. ನಾನು ನೋಡಿದೆ. ಯಾಕೆಂದು ಕೇಳಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದನ್ನೂ ಕೇಳಬೇಕು ಅನ್ನಿಸುತ್ತಿರಲಿಲ್ಲ.

ಯಾವ ಸರ್ವರನ್ನು ಡಿಫಾಲ್ಟ್ ಮಾಡಬೇಕು ಎಂಬುದು ಕೋಣೆಯಲ್ಲಿ ಬಹಳ ದಿನ ನಡೆದ ಮಾತು. ಎರಡು ಇದ್ದವು. ನಾನು ಅವಕ್ಕೆ ದೊಡ್ಡದು, ಸಣ್ಣದು ಅನ್ನುತ್ತಿದ್ದೆ, ಕೊನೆಗೆ ಅವರೂ ಹಾಗೇ ಅನ್ನತೊಡಗಿದರು. ದೊಡ್ಡದು ಹೊರಗಿನಿಂದ ಸಿಡಿಯಲ್ಲಿ ಬಂದದ್ದು. ಹತ್ತು ಮಂದಿ ಒಟ್ಟಿಗೆ ಕೇಳಿದರೂ ಹತ್ತು ಮಂದಿಗೂ ಒಟ್ಟಿಗೆ ಪುಟ ಕೊಡುತ್ತದೆ. ಯಾರು ಏನು ಕೇಳಿದರು ಎಂದು ಬರೆದಿಡುತ್ತದೆ. ಸರ್ ಅದರ ಮೇಲೆ ಜೀವ ಇಟ್ಟಿದ್ದರು. ಸಣ್ಣದು ನಂದಾ ಬರೆದದ್ದು. ತಾನು ಮಾಡಿದ ಪುಟ ಸರಿ ಕಾಣುತ್ತದೋ ಇಲ್ಲವೋ ಎಂದು ತನ್ನ ಮೇಜಿನಲ್ಲೇ ನೋಡಿಕೊಳ್ಳಲು ಬರೆದುಕೊಂಡದ್ದು. ಅದು ಒಬ್ಬರ ಕೆಲಸ ಮುಗಿಸಿ ಇನ್ನೊಬ್ಬರ ಕಡೆ ತಿರುಗುತ್ತದೆ. ಎರಡನೆಯವನು ಕಾಯಬೇಕು.

"ಸಣ್ಣದು ಪರೀಕ್ಷಾಕ್ಕ ಸರಿ," ಸರ್ ಅಂದರು. "ಮಂದಿ ಮುಂದ ಇಡಾಕ ದೊಡ್ಡದು. ಬಿಲ್ಕುಲ್ ದೊಡ್ಡದು."

ನಂದಾ ಒಪ್ಪಿದಳು. ಮನಸ್ಸಿನಿಂದಲೇ ಒಪ್ಪಿದಳು. ಮನೆಗೆ ಹೋಗುವ ಬಸ್ಸಿನಲ್ಲಿ, "ಆಯಿ, ದೊಡ್ಡ ಸರ್ವರ್ ಹಾಕಾಕತ್ತೇವಿ. ನೋಡು, ದೊಡ್ಡ ಊರಾಗ ಇದ್ದಂಗ ಆಗ್ತದ ನಮ್ದು," ಎಂದು ಕುಣಿದಾಡಿದಳು. ನಾನು ಹೂಂ ಅಂದೆ. ಕಿಟಕಿಯ ಹೊರಗೆ ತೊಗರಿ ಹೂ ಬಿಟ್ಟಿತ್ತು. ಅದನ್ನೂ ನೋಡಿದೆ. ಎರಡೂ ಒಂದೇ ಅನ್ನಿಸಿತು.

ದೊಡ್ಡದನ್ನು ಮೂರೂ ಕಡೆ ಕೂರಿಸಿದರು. ಆಳಂದದಲ್ಲಿ ಚೆನ್ನಾಗಿ ನಡೆಯಿತು. ಅಫಜಲಪುರದಲ್ಲಿ ಒಮ್ಮೊಮ್ಮೆ ಮುನಿಸಿಕೊಳ್ಳುತ್ತಿತ್ತು. ಜೇವರ್ಗಿಯಲ್ಲಿ ಮಾತ್ರ ವಾರವಿಡೀ ಸರಿಯಿದ್ದು ಮಂಗಳವಾರ ಬಂತೆಂದರೆ ಪರದೆ ಬಿಳಿಯಾಗಿ ನಿಂತುಬಿಡುತ್ತಿತ್ತು. ಅದೂ ಮಂಗಳವಾರವೇ ರೈತರು ಹೆಚ್ಚು. ನಮ್ಮ ಕಡೆ ಸೋಮವಾರ ಯಾರೂ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಬಿಡುವು. ಆ ದಿನ ನಿಂತ ಬಂಡಿಗಳೆಲ್ಲ ಮಂಗಳವಾರ ಹೊರಡುತ್ತವೆ. ಅಷ್ಟು ಮಂದಿ ಬಂದು ಬಿಳಿ ಪರದೆ ನೋಡಿಕೊಂಡು ಹೋಗುತ್ತಿದ್ದರು. "ಏನಪಾ ಬಸಲಿಂಗ, ನಿನ್ನ ಟೀವಿ ಕಣ್ಣಿಗಿ ಮೋತಿಬಿಂದು ಆಗಿ ಪೊರಿ ಬಂದದೇನು?" ಎಂದು ಚಾಷ್ಟಿ ಮಾಡುತ್ತಿದ್ದರಂತೆ.

ಬಸಲಿಂಗಪ್ಪ ಫೋನು ಹಚ್ಚುತ್ತಿದ್ದ. ಫೋನಿನಲ್ಲಿ ಅರ್ಧ ಮಾತು ಕೇಳುತ್ತಿತ್ತು, ಅರ್ಧ ಗಾಳಿ. ಕೊನೆಗೆ ನಂದಾ ಬಸ್ಸು ಹತ್ತುತ್ತಿದ್ದಳು, ಜೊತೆಗೆ ನಾನು. ಹೋಗಿ ನೋಡಿದರೆ ಪ್ರತಿಸಲ ಒಂದೇ ರೋಗ, ಲಾಕ್ ಫೈಲ್. ಅದನ್ನೂ ಹೇಳಬೇಕು. ದೊಡ್ಡ ಸರ್ವರ್ ಕೆಲಸ ಶುರು ಮಾಡುವಾಗ 'ನಾನು ಒಳಗಿದ್ದೇನೆ' ಎಂದು ಒಂದು ಗುರುತು ಇಟ್ಟು ಹೋಗುತ್ತದೆ, ನಾವು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಹೋದ ಹಾಗೆ. ಕ್ರಮಪ್ರಕಾರ ನಿಲ್ಲಿಸಿದರೆ ಆ ಗುರುತನ್ನು ತಾನೇ ತೆಗೆದುಕೊಂಡು ಹೋಗುತ್ತದೆ. ಧಡಕ್ಕನೆ ಕರೆಂಟ್ ತೆಗೆದರೆ ಚಪ್ಪಲಿ ಅಲ್ಲೇ ಉಳಿಯುತ್ತವೆ. ಮುಂದಿನ ಸಲ ಬಂದು ನೋಡಿ, ಒಳಗೆ ಯಾರೋ ಇದ್ದಾರೆ ಎಂದು ಬಾಗಿಲಲ್ಲೇ ನಿಂತುಬಿಡುತ್ತದೆ. ಆ ಚಪ್ಪಲಿ ಅದರದ್ದೇ ಎಂದು ಅದಕ್ಕೆ ತಿಳಿಯುವುದಿಲ್ಲ.

ನಂದಾ ಆ ಗುರುತು ಅಳಿಸಿ ಸರ್ವರ್ ಎಬ್ಬಿಸುತ್ತಿದ್ದಳು. "ಬಸಲಿಂಗಣ್ಣಾ, ಖರೇ ಹೇಳು. ಸ್ವಿಚ್ ತೆಗದೀಯೇನು?"

"ನಮ್ಮಪ್ಪನಾಣೆ ಇಲ್ಲಕ್ಕಾ. ನಾ ಕೈ ಸುದ್ದಾ ಹಚ್ಚಿಲ್ಲ."

ಅವನು ಸುಳ್ಳು ಹೇಳುವ ಹುಡುಗನಲ್ಲ. ಮತ್ತೆ ಮುಂದಿನ ಮಂಗಳವಾರ ಅದೇ.

ದೂರು ಅಧ್ಯಕ್ಷರಿಗೆ ಮುಟ್ಟಿತು. ಅವರು ಕೋಣೆಗೆ ಬಂದು ಕೂರದೇ ಮಾತಾಡಿದರು. "ಮಾಸ್ತರ, ರೈತರು ನಗಾಕತ್ತಾರ. ಇದು ನಡೀತಿದ್ರ ನಡೀಲಿ. ಇಲ್ಲಾಂದ್ರ ಕೋಣಿಗಿ ಬೀಗ ಹಾಕಿ ತೊಗರಿ ಚೀಲ ತುಂಬ್ತೇನಿ." ಹೋಗುವಾಗ ನಂದಾಳ ಕಡೆ ನೋಡಿ, "ತಂಗಿ, ನೀ ಹುಷಾರದಿ. ಆದ್ರ ಹುಷಾರಿದ್ರ ಆಗಂಗಿಲ್ಲ, ಕೆಲಸ ಆಗಬೇಕು," ಅಂದರು. ನಂದಾ ತಲೆ ಎತ್ತಲಿಲ್ಲ. ಒತ್ತಿದ ಅಕ್ಷರವನ್ನೇ ಮತ್ತೆ ಮತ್ತೆ ಒತ್ತಿ ಅಳಿಸುತ್ತಿದ್ದಳು. ನಾನು ಚಹಾದ ಕಪ್ಪು ತೆಗೆದುಕೊಂಡು ಹೋಗಿ ತೊಳೆದೆ. ನನ್ನ ಮೊಮ್ಮಗಳನ್ನು ಹಾಗೆ ನೋಡಿದರೂ ನನ್ನೊಳಗೆ ಏನೂ ಅಲ್ಲಾಡಲಿಲ್ಲ. ಅದು ಮಾತ್ರ ನನಗೆ ಸ್ವಲ್ಪ ಹೆದರಿಕೆ ತಂದಿತು.

ಮುಂದಿನ ವಾರ ನಂದಾ ಮಂಗಳವಾರದವರೆಗೆ ಕಾಯಲಿಲ್ಲ. "ಆಯಿ, ರೋಗ ಬಂದಮ್ಯಾಲ ಹೋದ್ರ ಏನೂ ಕಾಣಂಗಿಲ್ಲ. ಮೊದಲಽ ಹೋಗೂಣು ನಡಿ," ಎಂದು ಸೋಮವಾರವೇ ಹೊರಡಿಸಿದಳು.

ಜೇವರ್ಗಿಯ ಆ ಮನೆಗೆ ನಾವು ಮುಟ್ಟಿದಾಗ ಮಧ್ಯಾಹ್ನ. ಅಂಗಳದಲ್ಲಿ ಎರಡು ಎತ್ತು ನೆರಳಲ್ಲಿ ಮಲಗಿದ್ದವು. ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿದ್ದರು. ಮುತ್ಯಾ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ಬಸಲಿಂಗಪ್ಪ ಹೊಲಕ್ಕೆ ಹೋಗಿದ್ದ. ಮುಂದಿನ ಕೋಣೆಯ ಬಾಗಿಲು ತೆರೆದರೆ ಒಳಗೆ ಕತ್ತಲು. ಕಂಪ್ಯೂಟರ್‌ಗೆ ತೊಳೆದ ಧೋತರ ಹೊದಿಸಿದ್ದರು. ಅದರ ಮೇಲೆ ಒಂದು ಕಣಗಿಲೆ ಹೂ. ಪರದೆಯ ಹಣೆಗೆ ಮೂರು ಬೆರಳ ವಿಭೂತಿ. ಬ್ಯಾಟರಿ ಪೆಟ್ಟಿಗೆಗೂ ಹಾಗೆಯೇ. ಗೋಡೆಯ ದೊಡ್ಡ ಮೇನ್ ಸ್ವಿಚ್ ಕೆಳಗೆ ಇಳಿದಿತ್ತು.

ನಂದಾ ಅಲ್ಲೇ ನಿಂತುಬಿಟ್ಟಳು. "ಮುತ್ಯಾ, ಮೇನ್ ಯಾರು ಇಳಿಸ್ಯಾರ?"

"ನಾನಽ ಇಳಿಸೀನಿ. ನಿನ್ನೆ ಐತವಾರ ದೀಪ ಹಚ್ಚೂ ಹೊತ್ತಿಗಿ."

"ಯಾಕ?"

ಮುತ್ಯಾ ಹಗ್ಗ ಕೆಳಗಿಟ್ಟರು. ಇದೇನು ಕೇಳುತ್ತಾಳೆ ಎಂಬಂತೆ ನೋಡಿದರು. "ಇವತ್ತ ಸೋಮವಾರ ಅಲ್ಲೇನಬೇ? ನಿಮ್ಮ ಮಾಸ್ತರನಽ ಹೇಳ್ಯಾನಲ್ಲ, ಇದು ಎತ್ತು ಅಂತ. ಹಗಲು ರಾತ್ರಿ ನಿಲ್ಲಿಸಬ್ಯಾಡ್ರಿ ಅಂದ. ಆರು ದಿನ ದುಡದದ, ಒಂದಿನ ನೊಗ ಇಳಿಸಬಾರದೇನು? ಒಂದಽ ಎತ್ತಿಗಿ ಅಲ್ಲ, ಜೋಡಿಗೂ ಇಳಿಸೀನಿ," ಎಂದು ಬ್ಯಾಟರಿ ಪೆಟ್ಟಿಗೆ ತೋರಿಸಿದರು.

"ಬಸಲಿಂಗಣ್ಣ ಯಾಕ ಹೇಳಲಿಲ್ಲ ನಮಗ?"

"ನೀ ಸ್ವಿಚ್ ತೆಗದೀಯೇನು ಅಂತ ಕೇಳ್ತಿದ್ದಿ ಅವಂಗ. ಅವಾ ತೆಗದಿಲ್ಲ. ಸೋಮವಾರ ನೊಗ ಇಳಿಸೂದು ಯಾರರೆ ಹೇಳೂ ಮಾತೇನಬೇ ಅದು?"

ನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಮೇನ್ ಎತ್ತಿ ನೋಡುತ್ತೇನೆ ಎಂದು ಕೈ ಚಾಚಿದರೆ ಮುತ್ಯಾ ಅಡ್ಡ ಬಂದರು. "ಇವತ್ತ ಕೈ ಹಚ್ಚಂಗಿಲ್ಲ. ನಾಳಿಗಿ ಮುಂಜಾನೆ ನಾನಽ ಎತ್ತತೇನಿ." ಆಮೇಲೆ ನನ್ನ ಕಡೆ ತಿರುಗಿ, "ತಂಗೀ, ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ," ಅಂದರು. ಮಜ್ಜಿಗೆ ಕುಡಿದು, ಸ್ವಿಚ್ ಮುಟ್ಟದೇ, ಬಂದ ದಾರಿಯಲ್ಲೇ ವಾಪಸ್ಸು ಬಂದೆವು.

ಮೈನೋದ್ದೀನ್ ಸರ್ ಕಥೆ ಕೇಳಿ ಎರಡು ಕೈಯಲ್ಲಿ ತಲೆ ಹಿಡಿದುಕೊಂಡರು. "ಯಾ ಅಲ್ಲಾ. ಎತ್ತು ಅಂತ ನಾನಽ ಹೇಳೀನಿ." ಅಫಜಲಪುರಕ್ಕೆ ಫೋನು ಮಾಡಿಸಿದರು. ಅಲ್ಲಿ ಶಾಂತಾ ಯಾವ ಸಂಕೋಚವೂ ಇಲ್ಲದೆ, "ಸೋಮವಾರ್ರೀ? ಹ್ವಾದ್ರಿ, ನೆನಪಾದಾಗ ಪ್ಲಗ್ ತೆಗಿತೇನ್ರಿ. ಪಾಪ, ಅದಕ್ಕೂ ಬಿಡುವು ಬೇಕಲ್ರಿ," ಅಂದಳಂತೆ. ಅಲ್ಲಿಯ ಮುನಿಸಿನ ಕಾರಣವೂ ಸಿಕ್ಕಿತು.

ಸರ್ ಯೋಚಿಸಿದ್ದು ಸರಿಯಾಗಿಯೇ ಇತ್ತು. ಬಿಡುವು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕ್ರಮಪ್ರಕಾರ ಬಂದ್ ಮಾಡಿ, ಆಮೇಲೆ ಮೇನ್ ಇಳಿಸಿ. ದೊಡ್ಡ ಅಕ್ಷರದಲ್ಲಿ ಬರೆಸಿ ಎರಡೂ ಊರಿಗೆ ನನ್ನ ಕೈಲಿ ಕಳಿಸಿದರು, ಗೋಡೆಗೆ ಅಂಟಿಸಿ ಬಂದೆ. ಮುಂದಿನ ಮಂಗಳವಾರ ಪರದೆ ಬಂತು. ಆ ಮುಂದಿನ ಮಂಗಳವಾರ ಬರಲಿಲ್ಲ. ಬಸಲಿಂಗಪ್ಪ ಹೆಂಡತಿಯನ್ನು ಕರೆತರಲು ಬೀಗರ ಊರಿಗೆ ಹೋಗಿದ್ದ. ದೀಪ ಹಚ್ಚುವ ಹೊತ್ತಿಗೆ ಮುತ್ಯಾ ಎಂದಿನ ಹಾಗೆ ಕೈಮುಗಿದು ಮೇನ್ ಇಳಿಸಿದ್ದರು. ಮುತ್ಯಾನಿಗೆ ಓದಲು ಬರುವುದಿಲ್ಲ.

ಈ ಸಲ ಅಧ್ಯಕ್ಷರು ಸಿಟ್ಟು ಮಾಡಲಿಲ್ಲ. ಅದೇ ಹೆಚ್ಚು ಹೆದರಿಕೆ. "ಬರೂ ಮಂಗಳವಾರ ನಾ ಜೇವರ್ಗಿಗಿ ಬರ್ತೇನಿ. ನನ್ನ ಕಣ್ಣ ಮುಂದ ಸುರು ಆಗಬೇಕು. ಇಲ್ಲಂದ್ರ ಬುಧವಾರ ಬೀಗ," ಎಂದಷ್ಟೇ ಹೇಳಿದರು.

ಆವತ್ತು ಮಧ್ಯಾಹ್ನ ಕೋಣೆಯಲ್ಲಿ ಆದ ಮಾತು ಈಗಲೂ ಕಿವಿಯಲ್ಲಿದೆ. ನಾನು ಮೂಲೆಯಲ್ಲಿ ಧೂಳು ಒರೆಸುತ್ತಿದ್ದೆ.

ನಂದಾ ಅಂದಳು, "ಸರ್, ಡಿಫಾಲ್ಟ್ ಬದಲಿ ಮಾಡೂಣ್ರಿ."

"ಸಣ್ಣದು ಹಾಕೂದೇನು?"

"ಅದಕ್ಕ ಲಾಕ್ ಫೈಲ್ ಇಲ್ರಿ. ಯಾವಾಗ ಕರೆಂಟ್ ತೆಗದ್ರೂ, ಬಂದ ಕೂಡ್ಲೆ ಏಳ್ತದ."

"ಒಬ್ಬೊಬ್ಬರಿಗೇ ಕೊಡ್ತದಲ್ಲ ಅದು. ಆಳಂದದಾಗ ವ್ಯಾಪಾರಿಗಳು ಸಾಲುಗಟ್ಟಿ ನಿಂತಾಗ ಏನು ಮಾಡ್ತಿ?"

ನಂದಾ ಹೌದೆಂದು ತಲೆಯಾಡಿಸಿದಳು. ಅದು ನಿಜ. "ಮತ್ತ ಅದು ನಾ ಬರದದ್ದು. ನಾನಽ ಹೇಳಿದ್ರ ತನ್ನದು ಮುಂದ ಮಾಡ್ಯಾಳ ಅಂತಾರ್ರಿ," ಅಂದಳು. ಅವಳ ಹೆದರಿಕೆ ಅದೇ ಎಂದು ಆಗ ತಿಳಿಯಿತು. ಇಷ್ಟು ದಿನ ಬಾಯಿ ಬಿಡದೇ ಇದ್ದದ್ದೂ ಅದಕ್ಕೇ.

ಸರ್ ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬಂದರು. "ಕೇಳು. ಆಳಂದದಾಗ ನೀ ಇದ್ದಿ, ನಾ ಇದ್ದೇನಿ. ದೊಡ್ಡದು ಬೇಕಂದ್ರ ಒಂದು ಸಾಲು ತಿದ್ದಿದ್ರ ಆತು, ಹೂಡಕೋತೇವಿ. ಜೇವರ್ಗಿದಾಗ ಯಾರ ಇದ್ದಾರ? ಮುತ್ಯಾ. ಅವರು ಯಾವತ್ತೂ ಏನೂ ತಿದ್ದಂಗಿಲ್ಲ. ಡಿಫಾಲ್ಟ್ ಇರೂದು ತಿದ್ದಾಕ ಬರೋರಿಗಿ ಅಲ್ಲ ನಂದಾ, ತಿದ್ದಲಾರದವರಿಗಿ." ಆಮೇಲೆ ತಮ್ಮ ಪ್ರೀತಿಯ ಸಿಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ಯಾರು ಬರದಾರ ಅಂತ ಕೇಳಿದ್ರ ನನ್ನ ಕಡಿ ಕಳಸು."

ಶನಿವಾರ ನಾವು ಮೂವರೂ ಹೋಗಿ ಜೇವರ್ಗಿಯಲ್ಲಿ ಸಣ್ಣದನ್ನು ಕೂರಿಸಿ ಬಂದೆವು. ಭಾನುವಾರ ನಂದಾ ಅನ್ನ ಮುಟ್ಟಲಿಲ್ಲ. ಸೋಮವಾರ ಸಂಜೆಯವರೆಗೆ ಹತ್ತು ಸಲ ಗಡಿಯಾರ ನೋಡಿದಳು. ನಾನು ಅವಳ ಪಕ್ಕ ಕೂತೇ ಇದ್ದೆ. ಹೆದರಬೇಡ ಅನ್ನಬೇಕಿತ್ತು. ಅದರ ಬದಲು ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಹೆಣೆದೆ. ಕೈಗೆ ಅಷ್ಟು ಕೆಲಸ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಮುತ್ಯಾನ ಅಂಗಳದ ತುಂಬ ಬಂಡಿ. ಅಧ್ಯಕ್ಷರು ಜೀಪಿನಲ್ಲಿ ಬಂದರು. ರೈತರು ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿ ನಿಂತರು. ಮುತ್ಯಾ ಸ್ನಾನ ಮಾಡಿ ಬಂದು ಧೋತರ ತೆಗೆದು ಮಡಚಿದರು, ಹೂ ಎತ್ತಿಟ್ಟರು, ಬ್ಯಾಟರಿ ಪೆಟ್ಟಿಗೆಯ ಗುಂಡಿ ಒತ್ತಿ ಮೇನ್ ಮೇಲಕ್ಕೆ ಎತ್ತಿದರು. ಕಂಪ್ಯೂಟರ್ ಗುರ್ ಅಂದಿತು. ಪರದೆ ಕಪ್ಪಾಯಿತು, ನೀಲಿಯಾಯಿತು, ಆಮೇಲೆ ಮೂರು ಊರಿನ ತೊಗರಿ ಧಾರಣಿಯ ಪುಟ ಮೆಲ್ಲಗೆ ಮೇಲಿಂದ ಕೆಳಗೆ ಇಳಿದು ಬಂತು.

ಬಸಲಿಂಗಪ್ಪ ಕೂಗಿದ, "ಎದ್ದತೋ!"

ಅಧ್ಯಕ್ಷರು ಅಷ್ಟಕ್ಕೇ ಒಪ್ಪುವವರಲ್ಲ. "ಇವತ್ತ ಎದ್ದದ. ಮುಂದಿನ ವಾರ?"

ಮೈನೋದ್ದೀನ್ ಸರ್ ಹೇಳಿದರು, "ಮುತ್ಯಾ, ಮೇನ್ ಇಳಿಸ್ರಿ. ಪೆಟಗೀದೂ ತೆಗೀರಿ."

ಮುತ್ಯಾ ಕದಲಲಿಲ್ಲ. "ಇವತ್ತ ಮಂಗಳವಾರ. ದುಡಿಯೂ ಎತ್ತಿನ ನೊಗ ನಡಕ ಯಾಕ ಇಳಿಸ್ಲಿ? ಮಂದಿ ಕಾಯಾಕತ್ತಾರ."

"ಪರೀಕ್ಷಾ ಮುತ್ಯಾ, ಒಂದಽ ಸಲ."

"ಪಾಪ ಹತ್ತತದ ನೋಡು ಮಾಸ್ತರ, ನಿನಗ ಹತ್ತತದ, ನನಗಲ್ಲ," ಎನ್ನುತ್ತ ಪೆಟ್ಟಿಗೆಯ ಗುಂಡಿ ತೆಗೆದು, ಸ್ವಿಚ್ಚಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಧಡ್ ಎಂದು ಇಳಿಸಿದರು. ಕೋಣೆ ಕತ್ತಲಾಯಿತು. ನಂದಾ ನನ್ನ ಕೈ ಹಿಡಿದಳು, ಉಗುರು ನಾಟುವಷ್ಟು ಗಟ್ಟಿಯಾಗಿ. ಉಗುರಿನ ಗುರುತು ಸಂಜೆಯವರೆಗೆ ಇತ್ತು. ನೋವು ಮಾತ್ರ ಆಗಿರಲಿಲ್ಲ. ಮುತ್ಯಾ ಮತ್ತೆ ಎತ್ತಿದರು. ಗುರ್ ಅಂದಿತು, ನೀಲಿಯಾಯಿತು. ಪುಟ ಬಂತು. ಅಧ್ಯಕ್ಷರು ಇನ್ನೊಮ್ಮೆ ಅಂದರು. ಇನ್ನೊಮ್ಮೆ ಇಳಿಸಿ ಎತ್ತಿದರು. ಮತ್ತೆ ಬಂತು.

"ಆದ್ರ ಪುಟ ಬರಾಕ ಹೊತ್ತು ಹಿಡೀತದಲ್ಲ ಮಾಸ್ತರ," ಅಧ್ಯಕ್ಷರು ಅಂದರು. "ಮೊದಲಿಂದು ಚುರುಕಿತ್ತು."

"ಇದು ಸಾವಕಾಶ ನಡೀತದ್ರಿ. ಸುಳ್ಳು ಹೇಳಂಗಿಲ್ಲ. ಆದ್ರ ಕರದಾಗ ಏಳ್ತದ."

"ಯಾರು ಮಾಡ್ಯಾರಿದು?"

ಸರ್ ತಮ್ಮ ಮೇಲೆ ಹಾಕಿಕೊಳ್ಳುತ್ತೇನೆ ಅಂದಿದ್ದರಲ್ಲ, ಹಾಗೆ ಮಾಡಲಿಲ್ಲ. ನಂದಾಳ ಕಡೆ ಕೈ ತೋರಿಸಿದರು. ಅಧ್ಯಕ್ಷರು ಅವಳನ್ನು ನೋಡಿ ಜೀಪು ಹತ್ತಿದರು. ಮುತ್ಯಾ ಪರದೆಯ ಮೇಲಿನ ಧೂಳನ್ನು ಧೋತರದ ತುದಿಯಿಂದ ಒರೆಸುತ್ತ ಅಂದರು, "ಇದು ಛಲೋ ಎತ್ತು ಅದಬೇ. ಹಿಂದಿಂದು ಬಾಳ ದಿಮಾಕಿಂದಿತ್ತು."

ಅದಾದ ಮೇಲಿನ ಗುರುವಾರದ ಸುದ್ದಿ ನಿಮಗೆ ಆಗಲೇ ಹೇಳಿದ್ದೇನೆ. ಬುಧವಾರ ಬೀಗ ಬೀಳಲಿಲ್ಲ. ಗುರುವಾರ ನಂದಾ ಕಾಯಂ ಆದಳು. ಆಳಂದದಲ್ಲಿ ದೊಡ್ಡದೇ ನಡೆಯುತ್ತಿದೆ, ಸರ್ ಒಂದು ಸಾಲು ತಿದ್ದಿ ಹೂಡಿಕೊಂಡಿದ್ದಾರೆ. ಉಳಿದ ಕಡೆ ಸಣ್ಣದು.

ಆರು ವರ್ಷ ಚಪರಾಸಿ ಕೆಲಸ ಮಾಡಿ ನಾನು ಕಲಿತದ್ದು ಹೆಚ್ಚಿಲ್ಲ. ಯಾರಿಗಾದರೂ ಏನನ್ನಾದರೂ ಹೂಡಿ ಕೊಡುವಾಗ, ಅದನ್ನು ಬದಲಿಸಲು ಬಾರದವರ ಮನೆಗೆ ಮೊದಲು ಹೋಗಿ ನೋಡಬೇಕು. ಅವರ ಮನೆಯಲ್ಲಿ ಸೋಮವಾರ ಹೇಗಿರುತ್ತದೆ, ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಯಾರ ಕೈ ಯಾವ ಸ್ವಿಚ್ಚಿನ ಮೇಲಿರುತ್ತದೆ ಎಂದು ನೋಡಬೇಕು. ಬೇಕಾದವರು ಹೇಗೂ ಬದಲಿಸಿಕೊಳ್ಳುತ್ತಾರೆ. ಬೇಕೋ ಬೇಡವೋ ಹೇಳದವರಿಗೆ ನಾವು ಕೊಟ್ಟದ್ದೇ ಕೊನೆ. ಅಷ್ಟು ಪ್ರೀತಿಯ ಸಿಡಿ ಮುಚ್ಚಿಟ್ಟು ಸರ್ ಅದನ್ನು ಒಪ್ಪಿದರಲ್ಲ, ಅದು ನನಗೆ ಈಗ ದೊಡ್ಡದಾಗಿ ಕಾಣುತ್ತದೆ.

ಗುರುವಾರ ಸಂಜೆ ಊರಿಗೆ ಬಂದಾಗ ಸುಮಿತ್ರಾ ಹೋಳಿಗೆ ಮಾಡಿದ್ದಳು. ನಂದಾಳ ಅಪ್ಪ ಹೊಲದಿಂದ ಬೇಗ ಬಂದಿದ್ದ. ಎಲ್ಲರೂ ಅಡುಗೆಮನೆಯಲ್ಲೇ ಸುತ್ತ ಕೂತೆವು. ನಂದಾ ಮುತ್ಯಾನ ಹಾಗೆ ದನಿ ಮಾಡಿ, "ಪಾಪ ಹತ್ತತದ ನೋಡು ಮಾಸ್ತರ," ಎಂದು ಹೇಳಿ ಹೇಳಿ ನಗಿಸಿದಳು. ಅವಳ ಅಪ್ಪನಿಗೆ ನೆತ್ತಿಗೇರಿತು, ಬೆನ್ನು ತಟ್ಟಬೇಕಾಯಿತು. ಹೋಳಿಗೆ ಆದ ಮೇಲೆ ಸುಮಿತ್ರಾ ಬಿಸಿ ರೊಟ್ಟಿ ಹಾಕಿ, ಕೆಂಪು ಮೆಣಸಿನಕಾಯಿಯ ರಂಜಕ ಬಡಿಸಿದಳು. ನನ್ನ ಗಂಡ ಇದ್ದಾಗ ಅವರು ಅದಿಲ್ಲದೆ ತುತ್ತು ಎತ್ತುತ್ತಿರಲಿಲ್ಲ. ನಾನು ರೊಟ್ಟಿ ಮುರಿದು ಅದ್ದಿಕೊಂಡು ಬಾಯಿಗೆ ಹಾಕಿಕೊಂಡೆ.

ನಾಲಿಗೆಯ ತುದಿ ಉರಿಯಿತು. ಆಮೇಲೆ ನಾಲಿಗೆಯೆಲ್ಲ. ಆಮೇಲೆ ಕಿವಿ, ಕಣ್ಣು. ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ.

ಸುಮಿತ್ರಾ ಕೈಯಲ್ಲಿನ ಸೌಟು ಹಾಗೇ ಹಿಡಿದು ನನ್ನನ್ನೇ ನೋಡಿದಳು. "ಅತ್ತಿ, ಖಾರ ಆಗ್ಯಾದೇನ್ರಿ?"

"ಬಾಳ ಆಗ್ಯಾದ," ಅಂದೆ. "ಇನ್ನೊಂದಿಷ್ಟು ಹಾಕು."